ಅಣ್ಣಾ, ಗನ್ನು ನನ್ನ ಮಾತು ಕೇಳ್ತಿಲ್ಲ

ಪ್ರಶ್ನೆ: ನಾನು ಗೇಮ್ ಡಿಸೈನ್ ಓದುತ್ತಿದ್ದೇನೆ. ಮೊಬೈಲಿಗೆ ಒಂದು ಆಟ ಮಾಡಿದ್ದೇನೆ. ಅದರಲ್ಲಿ ಹೊಡೆದಾಟ ಇಲ್ಲ. ದೀಪದ ಬೆಳಕು ಮೈಮೇಲೆ ಬೀಳದಂತೆ, ನೆರಳಿನಲ್ಲೇ ಹೆಜ್ಜೆ ಇಟ್ಟು ಒಂದು ಹಳೇ ಮನೆ ದಾಟಬೇಕು. ನಡೆಯೋಕೆ ಫೋನನ್ನೇ ಆ ಕಡೆ ಈ ಕಡೆ ವಾಲಿಸಬೇಕು. ಗೆಳೆಯರು ‘ಸೂಪರ್’ ಅಂದರು, ಐದು ನಿಮಿಷ ಆಡಿದರು, ಮತ್ತೆ ಬಿಜಿಎಂಐ (ಭಾರತದ ಪಬ್‌ಜಿ) ತೆರೆದರು. ‘ಎಲ್ಲ ಆಟನೂ ಒಂದೇ ಥರ’ ಎಂದು ಗೊಣಗುವವರೂ ಅವರೇ. ಆಡುವವರಿಗೆ ನಿಜಕ್ಕೂ ಹೊಸತು ಬೇಕಾ?
– ಓದುಗ, ಬೆಂಗಳೂರು

ಉತ್ತರ: ಬೇಕು. ನಿಮ್ಮ ಗೆಳೆಯರು ಸುಳ್ಳು ಹೇಳಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಮೈಸೂರಿನ ಸರಸ್ವತಿಪುರಂನಲ್ಲಿ ನಾನು ಹನ್ನೊಂದು ವರ್ಷ ಸೈಬರ್ ಸೆಂಟರ್ ನಡೆಸಿದೆ. ಹಗಲು ಪ್ರಿಂಟ್‌ಔಟ್, ರೈಲು ಟಿಕೆಟ್. ಸಂಜೆ ಐದಾದರೆ ಹತ್ತು ಕಂಪ್ಯೂಟರಲ್ಲೂ ಕೌಂಟರ್ ಸ್ಟ್ರೈಕ್ 1.6 ಎಂಬ ಗನ್ನಿನ ಆಟ. ಕಾಲೇಜು ಹುಡುಗರು ಬ್ಯಾಗು ಮೂಲೆಗೆಸೆದು ಕೂರುತ್ತಿದ್ದರು. ದಿನಾ ಅದೇ ‘ಡಸ್ಟ್ ಟು’ ಮ್ಯಾಪ್. ‘ಹೊಸದೇನಾದ್ರೂ ಹಾಕಿಸಣ್ಣಾ’ ಎಂದು ದಿನಾ ಕೇಳುತ್ತಿದ್ದರು.

ಅದೇ ಆಟದ ಹೊಸ ರೂಪ, ಕೌಂಟರ್ ಸ್ಟ್ರೈಕ್ ಸೋರ್ಸ್, 2004ರಲ್ಲಿ ಬಂತು. ನಾನು ಎರಡು ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಅದನ್ನು ತಂದೆ. ಮೊದಲ ದಿನ ಎಲ್ಲರೂ ಸುತ್ತ ನಿಂತು ನೋಡಿದರು. ಡ್ರಮ್ಮಿಗೆ ಗುಂಡು ಬಿದ್ದರೆ ಉರುಳುತ್ತಿತ್ತು, ಅದಕ್ಕೇ ಕೂಗಾಟ. ಒಂದು ವಾರ ಕಳೆಯುವಷ್ಟರಲ್ಲಿ ಆ ಎರಡು ಕುರ್ಚಿಯೂ ಖಾಲಿ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ಹುಡುಗನನ್ನು ಯಾಕೋ ಎಂದು ಕೇಳಿದೆ. ‘ಅಣ್ಣಾ, ಗನ್ನು ನನ್ನ ಮಾತು ಕೇಳ್ತಿಲ್ಲ’ ಅಂದ.

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಎಕೆ ಹಿಡಿದು ಹಾರಿಸುತ್ತಾ ಹೋದರೆ ಗುಂಡುಗಳು ಮೇಲೇರುತ್ತವೆ. ಅದಕ್ಕೆ ಸರಿಯಾಗಿ ಮೌಸನ್ನು ಕೆಳಗೆ ಎಳೆಯಬೇಕು. ಎಷ್ಟು ಎಳೆಯಬೇಕು ಎಂಬುದನ್ನು ಅವನು ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು, ಎರಡು ವರ್ಷ ಕೂತು ಕಲಿತಿದ್ದ. ಹೊಸ ಆಟ ಅವನ ಕಣ್ಣಿಗೆ ಬೇಕಾದ್ದನ್ನೆಲ್ಲ ಕೊಟ್ಟು, ಕೈ ಕಲಿತದ್ದನ್ನು ಕಿತ್ತುಕೊಂಡಿತ್ತು. ಅವನಿಗೆ ಹೊಸತು ಬೇಡವಾಗಿತ್ತು ಎಂದರೆ ನಾನು ಒಪ್ಪುವುದಿಲ್ಲ.

ಯಾಕೆಂದರೆ ಅವನು ಅಷ್ಟು ಹಚ್ಚಿಕೊಂಡಿದ್ದ ಕೌಂಟರ್ ಸ್ಟ್ರೈಕೇ ಒಂದು ಕಾಲದಲ್ಲಿ ಹೊಸತು. 1999ರಲ್ಲಿ ಮಿನ್ ಲೀ, ಜೆಸ್ ಕ್ಲಿಫ್ ಎಂಬ ಇಬ್ಬರು ಹುಡುಗರು ಹಾಫ್ ಲೈಫ್ ಎಂಬ ಶೂಟಿಂಗ್ ಆಟವನ್ನೇ ತಿದ್ದಿ ಅದನ್ನು ಕಟ್ಟಿದರು. ಓಡುವುದು, ಗುರಿ ಇಡುವುದು ಎಲ್ಲ ಮೊದಲಿನ ಹಾಗೇ. ಅಲ್ಲಿಯವರೆಗೆ ಇಂಥ ಹೆಚ್ಚಿನ ಆಟಗಳಲ್ಲಿ ಸತ್ತರೆ ಕ್ಷಣದಲ್ಲಿ ಎದ್ದು ಮತ್ತೆ ಓಡುತ್ತಿದ್ದರು. ಇಲ್ಲಿ ಸತ್ತರೆ ರೌಂಡ್ ಮುಗಿಯುವವರೆಗೆ ಸುಮ್ನೆ ಕೂರಬೇಕು. ಅದೊಂದರಿಂದ ಎಷ್ಟು ಬದಲಾಯಿತು ಎಂದು ನಾನು ಕಣ್ಣಾರೆ ನೋಡಿದ್ದೇನೆ. ಕೊನೆಗೆ ಒಬ್ಬ ಉಳಿದಿರುತ್ತಿದ್ದ. ಸತ್ತವರೆಲ್ಲ ಎದ್ದು ಬಂದು ಅವನ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. ಟಿಕೆಟ್ ಮಾಡಿಸಲು ಬಂದ ಹಿರಿಯರೂ ಇಣುಕುತ್ತಿದ್ದರು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ನಿಮ್ಮ ಗೆಳೆಯರ ಬಿಜಿಎಂಐ ಬೇರೂ ಹೀಗೆಯೇ. ಐರ್ಲೆಂಡಿನ ಬ್ರೆಂಡನ್ ಗ್ರೀನ್ ಬೇರೆಯವರ ಆಟವನ್ನು ತಿದ್ದುತ್ತಾ ಕೊನೆಗೆ ಉಳಿದವನೇ ಗೆಲ್ಲುವ ತನ್ನ ಬ್ಯಾಟಲ್ ರಾಯಲ್ ರೂಪಿಸಿದರು. ಅದರಿಂದಲೇ ಪಬ್‌ಜಿ ಬಂದದ್ದು 2017ರಲ್ಲಿ. ಹಳೆಯ ಆಟವನ್ನು ಮನಸಾರೆ ಆಡಿದವರೇ ಅದರಿಂದ ಹೊಸದನ್ನು ತೆಗೆದರು. ನನಗೆ ಇದು ತುಂಬಾ ಖುಷಿ ಕೊಡುವ ಸಂಗತಿ.

ನೀವು ವಿದ್ಯಾರ್ಥಿ ಅಲ್ವಾ? ಹಾಗಾದರೆ ಪೋರ್ಟಲ್ ಆಟವನ್ನು ಬಿಚ್ಚಿ ನೋಡಿ. ಅಮೆರಿಕದ ಡಿಜಿಪೆನ್ ಕಾಲೇಜಿನ ವಿದ್ಯಾರ್ಥಿಗಳು 2005ರಲ್ಲಿ ನಾರ್ಬಾಕ್ಯುಲರ್ ಡ್ರಾಪ್ ಎಂಬ ಪುಟ್ಟ ಆಟ ಮಾಡಿದ್ದರು. ವಾಲ್ವ್ ಕಂಪನಿ ಆ ತಂಡವನ್ನೇ ಕೆಲಸಕ್ಕೆ ಕರೆಯಿತು. ಅದೇ ಕಲ್ಪನೆಯಿಂದ 2007ರಲ್ಲಿ ಪೋರ್ಟಲ್ ಬಂತು. ಗೋಡೆಯಲ್ಲಿ ಒಂದು ಬಾಗಿಲು ಹೊಕ್ಕರೆ ಇನ್ನೆಲ್ಲೋ ಹೊರಬರುತ್ತೀರಿ. ತಲೆ ತಿರುಗುವಂಥ ಹೊಸತು. ಆದರೆ ನಡೆಯಲು, ಸುತ್ತ ನೋಡಲು ಕೀಬೋರ್ಡು ಮೌಸು ಹಿಡಿಯುವ ರೀತಿ ಮಾತ್ರ ಎಲ್ಲ ಶೂಟಿಂಗ್ ಆಟಗಳದ್ದೇ.

ನಿಮ್ಮ ಆಟದಲ್ಲಿ ಹೊಸತು ನೆರಳು. ಅದು ನನಗೆ ನಿಜಕ್ಕೂ ಹಿಡಿಸಿತು. ಫೋನ್ ವಾಲಿಸುವುದು ಅದರ ಮೇಲೆ ಇನ್ನೊಂದು ಹೊರೆ. ಪರದೆಯ ಎಡಕ್ಕೆ ಹೆಬ್ಬೆರಳಿಟ್ಟು ನಡೆಸುವುದು ನಿಮ್ಮ ಗೆಳೆಯರಿಗೆ ನಿದ್ದೆಯಲ್ಲೂ ಬರುತ್ತದೆ. ಅದನ್ನೇ ಇಡಿ. ಆಮೇಲೆ ಅದೇ ಗೆಳೆಯರನ್ನು ಮತ್ತೆ ಕರೆಯಿರಿ. ಹೇಗಿದೆ ಎಂದು ಕೇಳಬೇಡಿ. ಪಕ್ಕದಲ್ಲಿ ಕೂತು ಅವರ ಕೈ ನೋಡಿ. ಸೋತ ಮೇಲೆ ಬೆರಳು ತಾನಾಗಿ ‘ಮತ್ತೊಮ್ಮೆ’ ಒತ್ತಿತೇ ಎಂಬುದನ್ನಷ್ಟೇ ಬರೆದಿಟ್ಟುಕೊಳ್ಳಿ. ತಿದ್ದಿದ ಆಟವನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನಾನೂ ಆಡುತ್ತೇನೆ.