ಸಣ್ಣ ಬೆಂಕಿಯೂ ಕಾಡ್ಗಿಚ್ಚೇ?

ಮಾನ್ಯ ಓದುಗರೇ,

ಗುಡ್ಡದ ಎರಡು ಎಕರೆ ಒಣಹುಲ್ಲು ಸುಟ್ಟ ಸುದ್ದಿಗೆ ಕಳೆದ ಸಂಚಿಕೆಯಲ್ಲಿ ನಾವು ‘ಕಾಡ್ಗಿಚ್ಚು’ ಎಂಬ ಶೀರ್ಷಿಕೆ ಕೊಟ್ಟದ್ದನ್ನು ತಾವು ಆಕ್ಷೇಪಿಸಿದ್ದೀರಿ. ಊರವರು ಹಸಿ ಸೊಪ್ಪಿನಿಂದ ಬಡಿದು ಗಂಟೆಯೊಳಗೆ ಆರಿಸಿದ ಬೆಂಕಿಗೆ ಅಷ್ಟು ದೊಡ್ಡ ಮಾತು ಸಲ್ಲುತ್ತದೆಯೇ, ಚಿಕ್ಕದಕ್ಕೆ ಬೇರೆ ಪದವಿಲ್ಲವೇ ಎಂಬುದು ತಮ್ಮ ಪ್ರಶ್ನೆ.

ಪದದ ರಚನೆಯಲ್ಲಿ ಗಾತ್ರದ ಸುಳಿವಿಲ್ಲ. ಕಾಡಿನ ಕಿಚ್ಚು ಕಾಡ್ಗಿಚ್ಚು. ಹಳಗನ್ನಡ ಓದಿದವರಿಗೆ ಅದು ‘ಕಾಳ್ಗಿಚ್ಚು’ ಎಂದು ಪರಿಚಿತ. ಎಲ್ಲಿ ಉರಿಯಿತೆಂಬುದನ್ನು ಅದು ಹೇಳುತ್ತದೆಯೇ ಹೊರತು ಎಷ್ಟು ಉರಿಯಿತೆಂಬುದನ್ನಲ್ಲ. ‘ಕಿಚ್ಚು’ ಕೂಡ ದೊಡ್ಡ ಬೆಂಕಿಗೇ ಮೀಸಲಲ್ಲ. ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸಲು ಬೀದಿಗೆ ಅಡ್ಡಲಾಗಿ ಹರಡಿದ ಹುಲ್ಲಿನ ಉರಿ ಕೆಲವೇ ನಿಮಿಷಗಳದು. ಆದರೂ ಶೀರ್ಷಿಕೆ ತಮಗೆ ಅತಿಯೆನಿಸಿದ್ದು ಸಹಜವೇ. ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು ಎಂದು ಆಡಿ ಆಡಿ, ಕೈಮೀರಿದ್ದು ಎಂಬ ಅರ್ಥ ಆ ಪದಕ್ಕೆ ಅಂಟಿಕೊಂಡಿದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟು, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಗಿ ಬಂದಾಗ ‘ದಾವಾನಲ’ ಎಂದರೂ ಹೆಚ್ಚೆನಿಸುತ್ತಿರಲಿಲ್ಲ.

ಚಿಕ್ಕದಕ್ಕೆ ನಮ್ಮ ಜನ ಪ್ರತ್ಯೇಕ ಹೆಸರು ಹುಡುಕುವುದಿಲ್ಲ. ‘ಗುಡ್ಡಕ್ಕೆ ಬೆಂಕಿ ಬಿದ್ದಿದೆ’ ಎನ್ನುತ್ತಾರೆ. ಹೊಸ ಪದವೊಂದನ್ನು ಕಟ್ಟಿ ಕೊಡಲು ನನಗೂ ಮನಸ್ಸಿಲ್ಲ. ಎಲೆ ಉದುರುವ ನಮ್ಮ ಕಾಡುಗಳ ಬೇಸಿಗೆಯ ಬೆಂಕಿ ಬಹುಪಾಲು ನೆಲದಲ್ಲೇ ಹರಿಯುತ್ತದೆ; ತರಗೆಲೆಯನ್ನೂ ಹುಲ್ಲನ್ನೂ ತಿನ್ನುತ್ತ, ದೊಡ್ಡ ಮರಗಳ ಬುಡವನ್ನಷ್ಟೇ ಕಪ್ಪಾಗಿಸಿ ಮುಂದೆ ಸಾಗುವ ಆ ಮೊಣಕಾಲೆತ್ತರದ ಉರಿಗೆ ಆ ವರ್ಷ ಮೊಳೆತ ಸಸಿಗಳು ಉಳಿಯುವುದಿಲ್ಲ. ಗಾಳಿ ಎದ್ದು, ಒಣಗಿದ ಲಂಟಾನದ ಪೊದೆ ಸಿಕ್ಕಿತೆಂದರೆ ಅದೇ ಉರಿ ಆಳೆತ್ತರ ಮೀರುತ್ತದೆ. ಇದಕ್ಕೆ ಹಗುರವಾದ ಹೆಸರಿಟ್ಟರೆ ಹಾನಿಯೂ ಹಗುರವೆಂದು ಓದುಗರು ತಿಳಿದಾರು.

ನನ್ನನ್ನು ಹೆಚ್ಚು ಕಾಡುವುದು ‘ಬಿದ್ದಿದೆ’ ಎಂಬ ಕ್ರಿಯಾಪದ. ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತದೆಂಬ ನಂಬಿಕೆ ಇಂದಿಗೂ ಇದೆ. ಆದರೆ ನಮ್ಮ ಕಾಡಿನ ಬೆಂಕಿಗಳಲ್ಲಿ ಹೆಚ್ಚಿನವು ಹೊಸ ಹುಲ್ಲು ಬರಲೆಂದು ಗೀರಿದ ಕಡ್ಡಿಯಿಂದಲೋ ಎಸೆದ ಬೀಡಿಯಿಂದಲೋ ಹೊತ್ತಿದವು. ‘ಬಿತ್ತು’ ಎಂದು ಬರೆದಾಗ ಆ ಕೈ ಮರೆಯಾಗುತ್ತದೆ. ಆದ್ದರಿಂದ ‘ಕಾಡ್ಗಿಚ್ಚು’ ತಪ್ಪಲ್ಲದಿದ್ದರೂ, ಆ ಶೀರ್ಷಿಕೆ ‘ಗುಡ್ಡದ ಎರಡು ಎಕರೆ ಹುಲ್ಲಿಗೆ ಬೆಂಕಿ’ ಎಂದಿರಬೇಕಿತ್ತು. ಹಚ್ಚಿದವರಿದ್ದರೆಂಬುದು ಖಚಿತವಾದಾಗ ‘ಬೆಂಕಿ ಹಚ್ಚಿದರು’ ಎಂದೇ ಇನ್ನು ಮುಂದೆ ಅಚ್ಚಾಗುತ್ತದೆ.

— ಸಂಪಾದಕ