ದುಡಿಯೋದು ನೀನು, ಖಾತೆ ಯಾರದು?

ಗಂಗಾವತಿ ತಾಲೂಕಿನ ಹುಡುಗನೊಬ್ಬ ದುಬೈನಿಂದ ಬರೆದ ಪತ್ರ ಓದಿ ತುಂಬ ಸಂಕಟವಾಯಿತು. ವಯಸ್ಸು 26, ಎಸಿ ಮೆಕ್ಯಾನಿಕ್. ಒಂದೇ ರೂಮಿನಲ್ಲಿ ಆರು ಜನ, ಒಂದರ ಮೇಲೊಂದು ಮಂಚ. ನಾಲ್ಕು ವರ್ಷದಲ್ಲಿ ಹಿಂದಿ ಕಲಿತ, ಮಲಯಾಳಂ ಅರ್ಥವಾಗುತ್ತದೆ, ಅಲ್ಲಿನ ಡ್ರೈವಿಂಗ್ ಲೈಸೆನ್ಸೂ ಸಿಕ್ಕಿದೆ. ಕಂಪನಿಯವರು ಸೂಪರ್‌ವೈಸರ್ ಮಾಡ್ತೀವಿ ಅಂದಿದ್ದಾರೆ. ಊರಲ್ಲಿ ಅಪ್ಪ, 'ದುಡಿದದ್ದು ಸಾಕು, ಗವಿಮಠದ ಜಾತ್ರೆಯೊಳಗೆ ಬಾ, ಮದುವೆ ಮಾಡೋಣ' ಅಂತಿದ್ದಾರೆ. ಇರಲೋ, ಬರಲೋ ಅನ್ನೋದು ಅವನ ಪ್ರಶ್ನೆ.

ತಮ್ಮಾ, ನನ್ನ ಕಣ್ಣು ನಿಂತದ್ದು ಬೇರೆ ಸಾಲಿನ ಮೇಲೆ. 'ಸಂಬಳವೆಲ್ಲ ಅಣ್ಣನ ಖಾತೆಗೇ ಹಾಕ್ತೀನಿ, ಅದು ಬಿಡಿ' ಅಂತ ಬರೆದು ಮುಂದೆ ಹೋಗಿದ್ದೀಯ. ಹೇಗೆ ಬಿಡಲಿ? ನಾಳೆ ಊರಿಗೆ ಬಂದರೆ ನಿನ್ನ ಕೈಯಲ್ಲಿ ಏನಿರುತ್ತದೆ? ನಿನ್ನದೇ ಮದುವೆಯ ಬಟ್ಟೆಗೂ ಅಣ್ಣನ ಮುಂದೆ ಕೈಚಾಚಬೇಕು.

ಅಣ್ಣನನ್ನು ನಾನು ಬೈಯಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಎಡದಂಡೆ ಕಾಲುವೆಯ ರೈತರಿಗೆಲ್ಲ ಜೀವ ಬಾಯಿಗೆ ಬಂದಿತ್ತು. ಲೀಸಿಗೆ ಗದ್ದೆ ಹಿಡಿದಿದ್ದ ಅವನು ನಿನ್ನ ದುಡ್ಡು ಬಳಸಿಕೊಂಡದ್ದು ಅರ್ಥವಾಗುತ್ತದೆ. ಸಿಟ್ಟು ಬರೋದು ನಿಮ್ಮಪ್ಪನ ಮೇಲೆ. 'ಒಂದೇ ಮನೆ ದುಡ್ಡು, ಲೆಕ್ಕ ಯಾಕೆ?' ಅಂದರಂತೆ. ಲೆಕ್ಕ ಇಡಬೇಕಾದ ಹಿರಿಯರೇ ಹೀಗಂದರೆ ಪಾಲಾಗುವ ದಿನ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ.

ದುಡಿದವರ ಹೆಸರಲ್ಲೇ ದುಡ್ಡು ಇರಬೇಕು. ಕೂಲಿಗೆ ಹೋಗುವ ಸೊಸೆಯಂದಿರಿಗೂ ಇಲ್ಲಿ ಅದನ್ನೇ ಹೇಳುತ್ತಾ ಬಂದಿದ್ದೇನೆ. ನೀನು ಮಾಡಬೇಕಾದದ್ದು ಒಂದೇ: ನಿನ್ನ ಹೆಸರಲ್ಲಿ ಎನ್‌ಆರ್‌ಇ ಖಾತೆ, ಅಂದರೆ ಹೊರದೇಶದಲ್ಲಿ ದುಡಿಯುವವರು ನಮ್ಮ ದೇಶದ ಬ್ಯಾಂಕಿನಲ್ಲಿ ಇಡುವ ಖಾತೆ, ತೆರೆ. ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಬೇಕಾದಾಗ ದುಡ್ಡನ್ನು ವಾಪಸ್ ಅಲ್ಲಿಗೂ ತರಿಸಿಕೊಳ್ಳಬಹುದು. ಮನೆ ಖರ್ಚಿಗೆ ತಿಂಗಳಿಗೆ ಎಷ್ಟು ಬೇಕೋ ಕೇಳಿ, ಅಷ್ಟನ್ನು ಅವ್ವನ ಖಾತೆಗೆ ಹಾಕು. ಅಪ್ಪ ನಾಲ್ಕು ದಿನ ಮಾತು ಬಿಟ್ಟರೆ ಬಿಡಲಿ.

ಇರೋದಾ, ಬರೋದಾ ಅನ್ನೋದನ್ನು ಆ ಖಾತೆಯಲ್ಲಿ ಒಂದು ವರ್ಷದ ದುಡ್ಡು ಕೂತ ಮೇಲೆ ನೀನೇ ತೀರ್ಮಾನ ಮಾಡು. ಅಲ್ಲಿವರೆಗೆ ಸೂಪರ್‌ವೈಸರ್ ಕೆಲಸ ಒಪ್ಪಿಕೋ. ಆದರೆ ಮೂಲ ಸಂಬಳ ಎಷ್ಟು ಅಂತ ಕಾಗದದಲ್ಲಿ ಬರೆಸಿಕೋ. ಅಲ್ಲಿ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಅಂದರೆ ಗ್ರಾಚ್ಯುಟಿ, ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಸಂಬಳದಂತೆ ಸಿಗೋದು ಆ ಮೂಲ ಸಂಬಳದ ಮೇಲೆಯೇ.