ಕಿಟ್ ಕಾರು: 250 ಗಂಟೆ ಅಂದದ್ದು ಯಾಕೆ ಮುಗಿಯುತ್ತಿಲ್ಲ?

ಕಿಟ್ ಕಾರು ಅಂದರೆ ಚಾಸಿ (ಕಾರಿನ ಚೌಕಟ್ಟು), ಬಾಡಿ ಇತ್ಯಾದಿ ಬಿಡಿಯಾಗಿ ಕೊಂಡು, ಉಳಿದ ಭಾಗಗಳನ್ನು ಹೆಚ್ಚಾಗಿ ಹಳೆ ಕಾರಿನಿಂದ ತೆಗೆದು ನಾವೇ ಜೋಡಿಸುವ ಕಾರು. ತಯಾರಕರು ಹೇಳಿದ 250 ಗಂಟೆ ದಾಟಿಯೂ ನಿಮ್ಮ ಕಾರು ಚಾಸಿ ಹಂತದಲ್ಲೇ ಇದೆ ಅಂದರೆ, ಸಮಯ ತಿಂದಿರುವುದು ಬಹುಶಃ ಹಳೆ ಕಾರಿನಿಂದ ತೆಗೆದ ಭಾಗಗಳು. ಆ ಲೆಕ್ಕ ಸಾಮಾನ್ಯವಾಗಿ ಬರೀ ಜೋಡಣೆಯದು. ಬಿಚ್ಚುವುದು, ತುಕ್ಕು ತೆಗೆಯುವುದು, ಬುಷ್, ಬೇರಿಂಗ್ ಬದಲಿಸುವುದು, ಪೇಂಟ್ ಹೊಡೆಯುವುದು ಅದರಲ್ಲಿ ಸೇರಿರುವುದಿಲ್ಲ.

ಸದ್ಯಕ್ಕೆ ಜೋಡಣೆ ನಿಲ್ಲಿಸಿ. ಬಾಕಿ ಭಾಗಗಳನ್ನೆಲ್ಲ ಮೊದಲು ತೊಳೆದು, ರಿಪೇರಿ ಮಾಡಿ ಇಟ್ಟುಕೊಳ್ಳಿ. ಇಲ್ಲದ್ದನ್ನು ಈಗಲೇ ಆರ್ಡರ್ ಮಾಡಿ. ಇಲ್ಲದಿದ್ದರೆ ಒಂದು ಬೋಲ್ಟ್‌ಗಾಗಿ ಇಡೀ ವಾರಾಂತ್ಯ ಸುಮ್ನೆ ಹೋಗುತ್ತದೆ. ಆಮೇಲೆ ಬ್ರೇಕ್ ಮತ್ತು ಪೆಟ್ರೋಲ್ ಪೈಪುಗಳು, ನಂತರ ಎಂಜಿನ್, ಗೇರ್‌ಬಾಕ್ಸ್.

ವೈರಿಂಗ್‌ನಲ್ಲಿ ಮಾತ್ರ ಅವಸರ ಬೇಡ. ಪ್ರತಿ ತಂತಿಗೂ ಹೆಸರು ಬರೆದ ಟೇಪ್ ಸುತ್ತಿ. ಅರ್ತ್ (ಕರೆಂಟ್ ಚಾಸಿ ಮೂಲಕ ಬ್ಯಾಟರಿಗೆ ಮರಳುವ ಸಂಪರ್ಕ) ಕೊಡುವ ಕಡೆ ಪೇಂಟ್ ಕೆರೆದು ಬರಿ ಲೋಹ ಕಾಣಿಸಬೇಕು. ಪೌಡರ್ ಕೋಟ್ (ಪುಡಿ ಬಣ್ಣ ಕಾಯಿಸಿ ಹಿಡಿಸಿದ ಪದರ) ಆದ ಚಾಸಿಯಲ್ಲಿ ಇದನ್ನು ಮರೆತರೆ ಲೈಟು ಉರಿಯದೆ ದಿನಗಟ್ಟಲೆ ತಲೆ ಕೆಡುತ್ತದೆ. ಒಂದೊಂದು ಸರ್ಕ್ಯೂಟ್ ಮುಗಿದ ಹಾಗೆ ಪರೀಕ್ಷಿಸಿ.

ಬಾಡಿ ಕೂರಿಸುವ ಮೊದಲೇ ಎಂಜಿನ್ ಸ್ಟಾರ್ಟ್ ಮಾಡಿ, ಸೋರಿಕೆ ಹುಡುಕಿ. ಕೈ ಹೋಗಲು ಆಗ ಜಾಗ ಇರುತ್ತದೆ, ಅಲ್ವಾ? ಫೈಬರ್‌ಗ್ಲಾಸ್ ಬಾಡಿಗೆ ಎಷ್ಟು ದಿನ ಅಂತ ಖಚಿತವಾಗಿ ಹೇಳಲಾರೆ, ಪ್ಯಾನೆಲ್ ಎಷ್ಟು ನೇರ ಇದೆ ಎಂಬುದರ ಮೇಲೆ ಹೋಗುತ್ತದೆ. ಪೇಂಟ್‌ಗೆ ಮೊದಲು ಎಲ್ಲವನ್ನೂ ಒಮ್ಮೆ ಕೂರಿಸಿ ನೋಡಿ.

ನೋಂದಣಿ ನಿಯಮ ಈಗಲೇ ವಿಚಾರಿಸಿ, ಬಿಲ್ಲು ಮತ್ತು ಫೋಟೋ ಎತ್ತಿಡಿ. ಇನ್ನು 200 ಗಂಟೆ ಕೆಲಸ ಬಾಕಿ ಅಂದುಕೊಳ್ಳಿ, ವಾರಕ್ಕೆ 8 ಗಂಟೆ ಸಿಗುವುದಾದರೆ ಅದಕ್ಕೆ 25 ವಾರ ಬೇಕು. ಬಾಡಿ ಕೆಲಸದ ಸಮಯ ಅದಕ್ಕಿಂತ ಹೆಚ್ಚುವರಿ.